ಏಳು ಗಂಟೆಯ ಸೈರನ್ನು

1965ರಲ್ಲಿ ಭದ್ರಾವತಿಯ ಬಾನುಲಿ ನಿಲಯ ಆರಂಭವಾದ ಕಾಲವನ್ನು ನೆನೆಯಿರಿ. ನಡುಮನೆಯಲ್ಲಿ ಒಂದೇ ರೇಡಿಯೋ, ಕೇಳುವವರು ಮನೆಮಂದಿಯೆಲ್ಲ. ರಾತ್ರಿಯ ಪ್ರಸಾರ ಮುಗಿದರೆ ಮಕ್ಕಳೂ ಹಾಸಿಗೆ ಸೇರುತ್ತಿದ್ದರು. ತಂದೆತಾಯಿಗಳು ಗದರಿಸುವ ಮೊದಲೇ ನಿಲಯವು ಮಿತಿಯನ್ನು ಹಾಕಿಬಿಡುತ್ತಿತ್ತು.

ಕೈಫೋನಿಗೆ ಅಂಥ ಮುಕ್ತಾಯವಿಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಕಿರುಸಂದೇಶ ಹೋಯಿತು. ಆ ಸಂದೇಶಗಳಿಗೆ 160 ಅಕ್ಷರಗಳ ಕಟ್ಟಾದರೂ ಇತ್ತು. ಮುಂದೆ ಅದೂ ಸಡಿಲಿತು. 1995ರಲ್ಲಿ ಭಾರತಕ್ಕೆ ಮೊಬೈಲು ಬಂದಿತು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಪಾಠವೇ ಫೋನಿನೊಳಗೆ ಸೇರಿತು. ಬೇಡವೆನ್ನುತ್ತಿದ್ದ ಹಿರಿಯರೇ ಅದನ್ನು ಮಕ್ಕಳ ಕೈಗಿತ್ತರು. ಶಾಲೆ ತೆರೆದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟವಾಯಿತು.

ಮನೆಯೊಬ್ಬರಿಂದ ಆಗದ್ದನ್ನು ಊರು ಕೂಡಿ ಮಾಡಿದ್ದುಂಟು. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವಿನಲ್ಲಿ 2022ರಲ್ಲಿ ಸಂಜೆ 7ಕ್ಕೆ ದೇವಾಲಯದ ಸೈರನ್ನು ಕೂಗುವ ಏರ್ಪಾಡಾಯಿತು. ಕೂಗಿದೊಡನೆ ಟಿವಿ, ಫೋನು ಬಂದ್. 8-30ರವರೆಗೆ ಓದು, ಮಾತುಕತೆ. 2025ರಲ್ಲಿ ಬೆಳಗಾವಿಯ ಹಲಗಾ ಗ್ರಾಮವೂ 7ರಿಂದ 9ರವರೆಗೆ ಅದೇ ಕ್ರಮವನ್ನು ಹಿಡಿಯಿತು.

ಇಲ್ಲಿ ಗಮನಿಸತಕ್ಕದ್ದೊಂದಿದೆ: ಆ ಕೂಗು ಮಕ್ಕಳಿಗೆಷ್ಟೋ ತಂದೆತಾಯಿಗಳಿಗೂ ಅಷ್ಟೇ. ತಾನು ಪರದೆ ಉಜ್ಜುತ್ತ ಮಗನಿಗೆ "ಸಾಕು, ಇಡು" ಎನ್ನುವ ತಂದೆಯ ಮಾತಿಗೆ ಬೆಲೆಯೆಲ್ಲಿ? ಆಯನೂರಿನ ನಮ್ಮ ಮನೆಗಳಿಗೆ ಆಕಾಶವಾಣಿಯ ಸಂಜೆಯ ವಾರ್ತೆಯೇ ಸೈರನ್ನಾಗಬಹುದು. ಹಿರಿಯರ ಫೋನು ಮೊದಲು ಗೂಡು ಸೇರಲಿ. ಕಿರಿಯರದು ಹಿಂದೆಯೇ ಬರುತ್ತದೆ.