ಲೆಕ್ಕದ ಫೈಲು ಎಲ್ಲಿ ಹೋಯಿತು?

ಮನೆಯ ಜಮಾ-ಖರ್ಚನ್ನು ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಬರೆದಿಟ್ಟವರಿಗೆ ಒಂದು ದಿನ ಆ ಫೈಲೇ ಕಾಣದಿದ್ದರೆ, ಮೊದಲ ಅನುಮಾನ ಬರುವುದು ತಮ್ಮ ಮೇಲೆಯೇ. ಕೈತಪ್ಪಿ ಅಳಿಸಿಬಿಟ್ಟೆವೇನೋ ಎಂದು ಕಳವಳಪಡುತ್ತಾರೆ. ಆದರೆ ಲೆಕ್ಕದ ತಂತ್ರಾಂಶಗಳ ನಲವತ್ತು ವರ್ಷಗಳ ಇತಿಹಾಸ ನೋಡಿದರೆ ತಪ್ಪನ್ನೆಲ್ಲ ಬಳಕೆದಾರರ ತಲೆಗೆ ಕಟ್ಟುವುದು ಅನ್ಯಾಯ. ಎಷ್ಟೋ ಸಲ ಫೈಲು ಅಳಿದಿರುವುದಿಲ್ಲ. ಅದನ್ನಿಡುವ ಜಾಗ ಬದಲಾಗಿರುತ್ತದೆ, ಆ ಬದಲಾವಣೆ ಬಳಸುವವರ ಕಿವಿಗೆ ಬಿದ್ದಿರುವುದಿಲ್ಲ.

ಅಮೆರಿಕದಲ್ಲಿ ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ 1983ರಲ್ಲಿ ಇಂಟ್ಯೂಟ್ ಕಂಪನಿ ಕಟ್ಟಿ ಮನೆಲೆಕ್ಕದ ತಂತ್ರಾಂಶ ಕ್ವಿಕನ್ ರೂಪಿಸಿದರು. ಅಂಥದೇ ಇನ್ನೊಂದು ತಂತ್ರಾಂಶ ಮೈಕ್ರೋಸಾಫ್ಟ್ ಮನಿ 1991ರಲ್ಲಿ ಬಂತು. ಹಳೆಯ ವಿಂಡೋಸ್‌ನಲ್ಲಿ ಕ್ವಿಕನ್ ಸಿ ಡ್ರೈವಿನ 'ಕ್ವಿಕನ್‌ಡಬ್ಲ್ಯೂ' ಫೋಲ್ಡರಿನಲ್ಲಿ ಇರುತ್ತಿತ್ತು. ಲೆಕ್ಕವೂ ಸಾಮಾನ್ಯವಾಗಿ ಅಲ್ಲಿಯೇ. ಹುಡುಕಲು ಒಂದೇ ಜಾಗ, ಆದರೆ ತೊಡಕು ಬೇರೆ ಇತ್ತು. ಒಂದೇ ಲೆಕ್ಕ ಕ್ಯೂಡಿಎಫ್, ಕ್ಯೂಇಎಲ್, ಕ್ಯೂಪಿಎಚ್ ಎಂಬಂತೆ ಬೇರೆಬೇರೆ ಬಾಲದ (ಎಕ್ಸ್‌ಟೆನ್ಶನ್) ಹಲವು ಫೈಲುಗಳಲ್ಲಿ ಹಂಚಿಹೋಗಿತ್ತು. ವಿಂಡೋಸ್ 95 ಈ ಬಾಲಗಳನ್ನು ತಾನಾಗಿ ಮರೆಮಾಡಿದ್ದರಿಂದ ಒಂದೇ ಹೆಸರಿನ ಫೈಲುಗಳು ಸಾಲಾಗಿ ಕಾಣತೊಡಗಿದವು; ಯಾವುದನ್ನು ನಕಲು ಮಾಡಬೇಕೆಂದು ತಿಳಿಯುವುದು ಕಷ್ಟವಾಯಿತು. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಟ್ಯಾಲಿ ವ್ಯಾಪಾರಿಗಳ ತಂತ್ರಾಂಶ. ಅದರಲ್ಲೂ ಇದೇ ಬಗೆಯ ತೊಡಕಿತ್ತು. ಟ್ಯಾಲಿ ಇಆರ್‌ಪಿ 9 ಪ್ರತಿ ಸಂಸ್ಥೆಯ ಲೆಕ್ಕವನ್ನು 10000, 10001 ಎಂಬಂಥ ಸಂಖ್ಯೆಯ ಫೋಲ್ಡರಿನಲ್ಲಿಡುತ್ತಿತ್ತು. ಅಂಗಡಿಯ ಹೆಸರು ಹಾಕಿ ಹುಡುಕಿದರೆ ಆ ಫೋಲ್ಡರು ಸಿಗುತ್ತಿರಲಿಲ್ಲ.

ದೊಡ್ಡ ತಿರುವು ಬಂದದ್ದು 2007ರಲ್ಲಿ ವಿಂಡೋಸ್ ವಿಸ್ಟಾ ಮನೆಮನೆಗೆ ಬಂದಾಗ. ಸಾಮಾನ್ಯ ಅನುಮತಿಯಲ್ಲಿ ಓಡುವ ತಂತ್ರಾಂಶ 'ಪ್ರೋಗ್ರಾಂ ಫೈಲ್ಸ್' ಒಳಗೆ ಬರೆಯುವುದನ್ನು ಅದು ತಡೆಯಿತು. ಅಲ್ಲಿಯೇ ಬರೆದು ರೂಢಿಯಾಗಿದ್ದ ಹಳೆಯ ತಂತ್ರಾಂಶಗಳು ಕೆಡಬಾರದೆಂದು, ಅವು ಬರೆದದ್ದನ್ನು ಸದ್ದಿಲ್ಲದೆ ಬಳಕೆದಾರರ 'ಆ್ಯಪ್‌ಡೇಟಾ' ಒಳಗಿನ 'ವರ್ಚುವಲ್‌ಸ್ಟೋರ್' ಫೋಲ್ಡರಿಗೆ ಸಾಗಿಸಿತು. ಆ್ಯಪ್‌ಡೇಟಾ ಮಾಮೂಲಾಗಿ ಕಣ್ಣಿಗೆ ಬೀಳದ ಫೋಲ್ಡರು. ತಂತ್ರಾಂಶ ತೆರೆದರೆ ಲೆಕ್ಕ ಇದೆ. ಹಳೆಯ ಜಾಗದಲ್ಲಿ ನೋಡಿದರೆ ಇಲ್ಲ. ಅದೇ ಕಂಪ್ಯೂಟರಿಗೆ ಮನೆಯ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಲಾಗಿನ್ ಆದರೆ ಅವರಿಗೂ ಅದು ಕಾಣದು.

ದುಷ್ಟ ತಂತ್ರಾಂಶಗಳನ್ನು ತಡೆಯಲು ಈ ಕಟ್ಟುಪಾಡು ಬೇಕಿತ್ತಲ್ಲವೇ ಎಂದು ಕೇಳಬಹುದು. ಬೇಕಿತ್ತು, ನಿಜ. ಸಾಗಿಸಿದ ಫೈಲುಗಳನ್ನು ತೋರಿಸಲು 'ಕಂಪ್ಯಾಟಿಬಿಲಿಟಿ ಫೈಲ್ಸ್' ಎಂಬ ಗುಂಡಿಯೂ ಇತ್ತು. ಆದರೆ ಆ ಹೆಸರು ಓದಿ ತನ್ನ ಮನೆಯ ಲೆಕ್ಕ ಅದರ ಹಿಂದಿದೆ ಎಂದು ಸಾಮಾನ್ಯ ಗೃಹಸ್ಥ ಊಹಿಸುವುದಾದರೂ ಹೇಗೆ? ಎಲ್ಲವನ್ನೂ ಆನ್‌ಲೈನ್ ಸೇವೆಗೆ ಒಪ್ಪಿಸಿದರೆ ಈ ಹುಡುಕಾಟವೇ ಇರುವುದಿಲ್ಲ ಎಂಬುದು ಇನ್ನೊಂದು ವಾದ. ಆದರೆ ಅಂಥದೇ ಸೇವೆಯಾದ ಅಮೆರಿಕದ ಮಿಂಟ್ 2007ರಲ್ಲಿ ಆರಂಭವಾಗಿ 2024ರಲ್ಲಿ ಬಾಗಿಲು ಮುಚ್ಚಿತು. ಅದನ್ನು ನೆಚ್ಚಿದವರು ಬೇರೆ ದಾರಿ ನೋಡಬೇಕಾಯಿತು. ಅದೇ ಕಂಪ್ಯೂಟರಿನಲ್ಲಿ ಫೈಲು ಇಡುತ್ತಿದ್ದ ಮೈಕ್ರೋಸಾಫ್ಟ್ ಮನಿಯ ಮಾರಾಟ 2009ರಲ್ಲಿ ನಿಂತರೂ, ಮರುವರ್ಷ ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟ ಕೊನೆಯ ಆವೃತ್ತಿಯಿಂದ ಹಳೆಯ ಫೈಲುಗಳನ್ನು ತೆರೆಯಲು ಸಾಧ್ಯವಾಯಿತು. ಫೈಲು ನಮ್ಮ ಕೈಯಲ್ಲಿರುವುದೇ ಮೇಲು. ಅದರ ಜಾಗವೂ ನಮಗೆ ಗೊತ್ತಿರಬೇಕು, ಅಷ್ಟೆ.

ಆದ್ದರಿಂದ ಲೆಕ್ಕ ಕಾಣದಿದ್ದರೆ ಹೊಸದಾಗಿ ಬರೆಯಲು ಕೂರಬೇಡಿ. ಮರೆಯಾದ ಫೋಲ್ಡರುಗಳನ್ನೂ ಸೇರಿಸಿ, ಫೈಲಿನ ಹೆಸರಿನಿಂದಲ್ಲ, ಅದರ ಬಾಲದಿಂದ ಇಡೀ ಡಿಸ್ಕನ್ನು ಹುಡುಕಿ. ಸಿಕ್ಕಮೇಲೆ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಅದರ ಜಾಗವನ್ನು ಕಾಗದದ ಮೇಲೆ ಬರೆದು ಮನೆಯವರಿಗೂ ತಿಳಿಸಿ.