ಬಾನ್‌ಹೋಫರ್, ಡೀಟ್ರಿಖ್

1906-1945. ಜರ್ಮನಿಯ ಲೂಥರನ್ ಪಾಸ್ಟರ್, ದೇವಶಾಸ್ತ್ರಜ್ಞ. ನಾಜಿ ಆಡಳಿತವನ್ನು ಎದುರಿಸಿ ಪ್ರಾಣ ತೆತ್ತವನು. ಎರಡು ವರ್ಷಗಳ ಸೆರೆವಾಸದಲ್ಲಿ ಈತ ಬರೆದ ಪತ್ರಗಳು, ಪ್ರಾರ್ಥನೆಗಳು ಮತ್ತು ಕವನಗಳು ಸಂಕಟದ ಕಾಲದ ಕ್ರೈಸ್ತ ವಿಶ್ವಾಸಕ್ಕೆ 20ನೆಯ ಶತಮಾನ ಕೊಟ್ಟ ಅತ್ಯಂತ ಪ್ರಾಮಾಣಿಕ ಸಾಕ್ಷ್ಯಗಳಲ್ಲಿ ಸೇರಿವೆ. ವಿಶ್ವಾಸದಿಂದ ಬರುವ ಸಮಾಧಾನ ದಿನದಿನದ ಅಭ್ಯಾಸದಿಂದ ಬೆಳೆಯುತ್ತದೆ, ನೆರೆಯವನ ಪರವಾಗಿ ನಿಲ್ಲುವ ಧೈರ್ಯದಲ್ಲಿ ಅದರ ಪರೀಕ್ಷೆಯಾಗುತ್ತದೆ ಎಂಬುದು ಈತನ ಬದುಕು ಮತ್ತು ಬರೆಹಗಳ ತಿರುಳು.

ಬಾಲ್ಯ, ಶಿಕ್ಷಣ : ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದಲ್ಲಿ 1906ರ ಫೆಬ್ರುವರಿ 4ರಂದು ಜನಿಸಿದ. ತಂದೆ ಕಾರ್ಲ್ ಹೆಸರಾಂತ ಮನೋವೈದ್ಯ, ತಾಯಿ ಪೌಲಾ. ಎಂಟು ಮಕ್ಕಳಲ್ಲಿ ಈತ ಆರನೆಯವನು. ಅಣ್ಣ ವಾಲ್ಟರ್ 1918ರಲ್ಲಿ ಯುದ್ಧದಲ್ಲಿ ಮಡಿದುದು ಮನೆಯನ್ನೆಲ್ಲ ದುಃಖದಲ್ಲಿ ಮುಳುಗಿಸಿತು. ಟ್ಯೂಬಿಂಗೆನ್ ಮತ್ತು ಬರ್ಲಿನ್‌ಗಳಲ್ಲಿ ಓದಿ, 1927ರಲ್ಲಿ 21ನೆಯ ವಯಸ್ಸಿಗೇ ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ. 1930-31ರಲ್ಲಿ ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿದ್ದಾಗ ಹಾರ್ಲೆಮ್‌ನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದ. ವರ್ಣಭೇದದ ನೋವಿನ ನಡುವೆಯೂ ಹಾಡಿ ಪ್ರಾರ್ಥಿಸುತ್ತಿದ್ದ ಕರಿಯ ಜನರ ಭಕ್ತಿ ಈತನ ಮನಸ್ಸಿನಲ್ಲಿ ಆಳವಾಗಿ ನೆಲೆಸಿತು. ಅವರ ಭಕ್ತಿಗೀತೆಗಳ ಗ್ರಾಮಫೋನ್ ತಟ್ಟೆಗಳನ್ನು ಜರ್ಮನಿಗೆ ತಂದು, ಮುಂದೆ ತನ್ನ ವಿದ್ಯಾರ್ಥಿಗಳಿಗೆ ಕೇಳಿಸಿದ.

ನಾಜಿ ಆಡಳಿತಕ್ಕೆ ಎದುರಾಗಿ : 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಎರಡು ದಿನಗಳ ಬಳಿಕ ಬಾನ್‌ಹೋಫರ್ ರೇಡಿಯೊದಲ್ಲಿ ಮಾತನಾಡಿ, ತನ್ನನ್ನೇ ದೇವರ ಸ್ಥಾನದಲ್ಲಿ ಕೂರಿಸಿಕೊಳ್ಳುವ ನಾಯಕನ ಅಪಾಯವನ್ನು ಎಚ್ಚರಿಸಿದ; ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತಿತು. ಅದೇ ವರ್ಷ ಯೆಹೂದ್ಯರ ಪ್ರಶ್ನೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಚರ್ಚಿನ ಮೂರು ಹೊಣೆಗಳನ್ನು ಗುರುತಿಸಿದ: ಪ್ರಭುತ್ವದ ನಡೆಯನ್ನು ಪ್ರಶ್ನಿಸುವುದು, ಅದರಿಂದ ನೊಂದವರು ಯಾವ ಧರ್ಮದವರಾದರೂ ನೆರವಾಗುವುದು, ಅಗತ್ಯ ಬಿದ್ದರೆ ಆ ಪ್ರಭುತ್ವವನ್ನೇ ತಡೆಯುವುದು. ಯೆಹೂದ್ಯರ ಕುರಿತ ಹಳೆಯ ಕ್ರೈಸ್ತ ಪೂರ್ವಗ್ರಹದ ಎಳೆಗಳು ಈ ಪ್ರಬಂಧದಲ್ಲಿ ಉಳಿದಿವೆಯೆಂದು ವಿದ್ವಾಂಸರು ತೋರಿಸಿದ್ದಾರೆ. ನಾಜಿ ಸಿದ್ಧಾಂತಕ್ಕೆ ಮಣಿಯಲೊಲ್ಲದ ಪ್ರೊಟೆಸ್ಟೆಂಟರು ಕಟ್ಟಿದ ಕನ್ಫೆಸಿಂಗ್ ಚರ್ಚಿನಲ್ಲಿ ಈತ ಪ್ರಮುಖನಾಗಿದ್ದ.

ಲಂಡನ್ನಿನ ಜರ್ಮನ್ ಸಭೆಗಳಲ್ಲಿ ಪಾಸ್ಟರಾಗಿದ್ದಾಗ ಈತನಿಗೆ ಭಾರತದತ್ತ ಒಲವು ಬೆಳೆಯಿತು. ಯೇಸುವಿನ ಪರ್ವತ ಪ್ರಸಂಗವನ್ನು ನಿತ್ಯಜೀವನದಲ್ಲಿ ನಡೆಸಿ ತೋರಿಸುತ್ತಿರುವವರು ಗಾಂಧೀಜಿ ಎಂದು ನಂಬಿ, ಅವರ ಬಳಿ ಇದ್ದು ಕಲಿಯಬಯಸಿದ. ಗಾಂಧೀಜಿ 1934ರ ನವೆಂಬರಿನಲ್ಲಿ ಪತ್ರ ಬರೆದು ಬರಹೇಳಿದರು. ಸ್ವದೇಶದ ಕರೆ ಮುಂದೆ ಬಂದುದರಿಂದ ಆ ಪ್ರಯಾಣ ನಡೆಯಲಿಲ್ಲ.

ಫಿಂಕೆನ್‌ವಾಲ್ಡ್ : 1935ರಲ್ಲಿ ಕನ್ಫೆಸಿಂಗ್ ಚರ್ಚಿನ ಪಾಸ್ಟರುಗಳ ತರಬೇತಿಯ ಹೊಣೆ ಹೊತ್ತ. ಸ್ಟೆಟಿನ್ ಬಳಿಯ ಫಿಂಕೆನ್‌ವಾಲ್ಡ್‌ನಲ್ಲಿ ನಡೆದ ಈ ಸೆಮಿನರಿಯಲ್ಲಿ ಬೆಳಿಗ್ಗೆ ಸಂಜೆ ಕೀರ್ತನೆಗಳ ಪಠಣ, ಪ್ರತಿದಿನ ಅರ್ಧ ಗಂಟೆ ಸತ್ಯವೇದದ ಒಂದು ಭಾಗದ ಮೇಲೆ ಮೌನ ಧ್ಯಾನ, ಒಬ್ಬರ ಮುಂದೊಬ್ಬರು ತಪ್ಪೊಪ್ಪಿಗೆ, ಜೊತೆಗೆ ಹಾಡು, ಆಟ, ಊಟ ಇವೆಲ್ಲ ದಿನಚರಿಯಾಗಿದ್ದವು. ಮೊದಮೊದಲು ಈ ಧ್ಯಾನ ಹಲವು ವಿದ್ಯಾರ್ಥಿಗಳಿಗೆ ಬೇಸರ ತಂದಿತು. 1937ರಲ್ಲಿ ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಸೆಮಿನರಿಯನ್ನು ಮುಚ್ಚಿಸಿತು. ವಿದ್ಯಾರ್ಥಿಗಳು ಸೆರೆಮನೆಗೋ ರಣರಂಗಕ್ಕೋ ಹೋದಾಗಲೂ ಧ್ಯಾನವನ್ನು ಬಿಡಬೇಡಿರೆಂದು ಸುತ್ತೋಲೆಗಳಲ್ಲಿ ನೆನಪಿಸುತ್ತಿದ್ದ. ಅದೇ ವರ್ಷ ಪ್ರಕಟವಾದ, ಕ್ರಿಸ್ತನ ಶಿಷ್ಯತ್ವವನ್ನು ಕುರಿತ ಗ್ರಂಥದಲ್ಲಿ ಅಗ್ಗದ ಕೃಪೆಯನ್ನು ಕಟುವಾಗಿ ಖಂಡಿಸಿದ. ಬದುಕನ್ನು ಬದಲಿಸದೆ ಬರಿಯ ಸಾಂತ್ವನ ಹಂಚುವ ಧರ್ಮಬೋಧೆಗೆ ಈತ ಕೊಟ್ಟ ಹೆಸರು ಅದು.

ಹಿಂದಿರುಗುವ ನಿರ್ಧಾರ : 1939ರ ಜೂನ್‌ನಲ್ಲಿ ಗೆಳೆಯರು ಈತನನ್ನು ಸುರಕ್ಷಿತವಾಗಿ ಅಮೆರಿಕಕ್ಕೆ ಕರೆಸಿಕೊಂಡರು. ನೆಮ್ಮದಿ ಸಿಗಲಿಲ್ಲ. ತನ್ನ ಜನರ ಕಷ್ಟಕಾಲದಲ್ಲಿ ಪಾಲುಗೊಳ್ಳದಿದ್ದರೆ ಯುದ್ಧದ ನಂತರ ದೇಶದ ಕ್ರೈಸ್ತ ಬದುಕನ್ನು ಕಟ್ಟುವುದರಲ್ಲಿ ತನಗೆ ಹಕ್ಕಿರದು ಎಂದು ಮನಗಂಡು ಜುಲೈಯಲ್ಲೇ ಹಿಂದಿರುಗಿದ. ಸೋದರಿಯ ಪತಿ ಹಾನ್ಸ್ ಫಾನ್ ಡೊನಾನ್ಯಿಯ ಮೂಲಕ ಸೇನಾ ಗುಪ್ತಚರ ಸಂಸ್ಥೆ ಅಬ್ವೆರ್ ಸೇರಿ, ಅದರೊಳಗಿದ್ದ ಹಿಟ್ಲರ್ ವಿರೋಧಿ ಗುಂಪಿಗಾಗಿ ದುಡಿದ. 14 ಮಂದಿಯನ್ನು, ಬಹುಪಾಲು ಯೆಹೂದ್ಯ ಮೂಲದವರನ್ನು, ಸ್ವಿಟ್ಸರ್ಲೆಂಡಿಗೆ ದಾಟಿಸಿದ ಕಾರ್ಯಾಚರಣೆಯಲ್ಲಿ ಈತನ ನೆರವಿತ್ತು. ಅಹಿಂಸೆಯನ್ನು ಮೆಚ್ಚಿದ್ದವನು ಹಿಟ್ಲರನ ಹತ್ಯೆ ಬಯಸಿದ ಗುಂಪಿನಲ್ಲಿ ಸೇರಿದುದು ಇಂದಿಗೂ ಚರ್ಚೆಯ ವಿಷಯ. ಈತ ಅದನ್ನು ಪುಣ್ಯಕಾರ್ಯವೆಂದು ಸಮರ್ಥಿಸಿಕೊಳ್ಳಲಿಲ್ಲ. ಕೈಕಟ್ಟಿ ಕೂತರೂ ಪಾಪವಿದೆ, ಕೈ ಹಾಕಿದರೂ ಪಾಪವಿದೆ ಎಂದು ಒಪ್ಪಿ, ದೇವರ ಕರುಣೆಗೆ ತನ್ನನ್ನು ಒಪ್ಪಿಸಿಕೊಂಡ.

ಸೆರೆಮನೆಯ ಬದುಕು : 1943ರ ಏಪ್ರಿಲ್ 5ರಂದು ಬಂಧಿತನಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆ ಸೇರಿದ. ಮರಿಯಾ ಫಾನ್ ವೆಡೆಮೆಯರ್ ಜೊತೆ ವಿವಾಹ ನಿಶ್ಚಯವಾಗಿ ಮೂರು ತಿಂಗಳಷ್ಟೇ ಆಗಿತ್ತು. ಮೊದಲ ದಿನಗಳ ಏಕಾಂತ ಭೀಕರವಾಗಿತ್ತು. ಆತ್ಮಹತ್ಯೆಯ ಯೋಚನೆಯೂ ಸುಳಿದುದು ಆಗಿನ ಟಿಪ್ಪಣಿಗಳಿಂದ ತಿಳಿಯುತ್ತದೆ. ಆಗ ಕೈಹಿಡಿದದ್ದು ಫಿಂಕೆನ್‌ವಾಲ್ಡ್‌ನ ದಿನಚರಿ. ನಿಗದಿಯಾದ ಹೊತ್ತಿಗೆ ಏಳುವುದು, ಕೀರ್ತನೆಗಳನ್ನು ಓದುವುದು, 17ನೆಯ ಶತಮಾನದ ಪೌಲ್ ಗೆರ್ಹಾರ್ಟ್‌ನ ಬಾಯಿಪಾಠವಿದ್ದ ಭಕ್ತಿಗೀತೆಗಳನ್ನು ಹೇಳಿಕೊಳ್ಳುವುದು, ಓದು, ಬರೆಹ. 1943ರ ಕ್ರಿಸ್ಮಸ್‌ಗೆ ಸಹಕೈದಿಗಳಿಗೆಂದು ಪ್ರಾರ್ಥನೆಗಳನ್ನು ರಚಿಸಿದ. ಅವುಗಳಲ್ಲಿ ಪ್ರಾರ್ಥಿಸುವವನು ತನ್ನೊಳಗಿನ ಕತ್ತಲೆ, ಒಂಟಿತನ, ಅಂಜಿಕೆಗಳನ್ನು ದೇವರ ಮುಂದೆ ಮುಚ್ಚಿಡದೆ ಹೇಳಿಕೊಳ್ಳುತ್ತಾನೆ.

ವೈಮಾನಿಕ ದಾಳಿಗಳಲ್ಲಿ ಈತ ಗಾಯಾಳುಗಳ ಆರೈಕೆಗೆ ನಿಲ್ಲುತ್ತಿದ್ದ. 1944ರ ಆರಂಭದ ಒಂದು ದಾಳಿಯಲ್ಲಿ ಪಕ್ಕದವನು ನಡುಗುತ್ತ ದೇವರನ್ನು ಕರೆದಾಗ, ಅವನ ಭಯವನ್ನು ಧರ್ಮೋಪದೇಶಕ್ಕೆ ಬಳಸಿಕೊಳ್ಳಲು ಮನಸ್ಸಾಗದೆ, ಗಡಿಯಾರ ನೋಡಿ ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯದೆಂದು ಹೇಳಿ ಸಂತೈಸಿದ್ದನ್ನು ಗೆಳೆಯ ಎಬೆರ್‌ಹಾರ್ಟ್ ಬೆಟ್ಗೆಗೆ ಬರೆದ. ಆ ವರ್ಷದ ಬೇಸಿಗೆಯಲ್ಲಿ, ತಾನು ಯಾರೆಂದು ಕೇಳಿಕೊಳ್ಳುವ ಕವನ ಹುಟ್ಟಿತು: ಕಾವಲುಗಾರರ ಕಣ್ಣಿಗೆ ತಾನು ಶಾಂತ, ದೃಢ, ಒಳಗೆ ತಳಮಳ, ದಣಿವು. ಎರಡರಲ್ಲಿ ಯಾವುದು ನಿಜವೆಂದು ತೀರ್ಮಾನಿಸದೆ, ತಾನು ಯಾರೇ ಆಗಿರಲಿ ದೇವರಿಗೆ ಸೇರಿದವನೆಂಬಲ್ಲಿಗೆ ಕವನ ಮುಗಿಯುತ್ತದೆ.

1944ರ ಜುಲೈ 20ರಂದು ಹಿಟ್ಲರನ ಮೇಲೆ ನಡೆದ ಹತ್ಯಾಯತ್ನ ವಿಫಲವಾದ ಮೇಲೆ ಬಿಡುಗಡೆಯ ಆಸೆ ಕಮರಿತು. ಒಬ್ಬ ಕಾವಲುಗಾರನ ನೆರವಿನಿಂದ ತಪ್ಪಿಸಿಕೊಳ್ಳುವ ದಾರಿ ಸಿದ್ಧವಾಗಿತ್ತು. ಅಣ್ಣ ಕ್ಲೌಸ್ ಬಂಧನವಾದುದು ತಿಳಿದು, ಕುಟುಂಬಕ್ಕೆ ಇನ್ನಷ್ಟು ಕೇಡಾಗದಿರಲೆಂದು ಅದನ್ನು ಕೈಬಿಟ್ಟ. ಡಿಸೆಂಬರಿನಲ್ಲಿ, ಆಗ ಈತನನ್ನು ಸೆರೆಯಿಟ್ಟಿದ್ದ ಗೆಸ್ಟಾಪೊ ನೆಲಮಾಳಿಗೆಯಿಂದ ಮರಿಯಾಳಿಗೆ ಕಳಿಸಿದ ಹೊಸ ವರ್ಷದ ಕವನ ಇಂದು ಜರ್ಮನ್ ಚರ್ಚುಗಳಲ್ಲಿ ಹಾಡಾಗಿ ಬಳಕೆಯಲ್ಲಿದೆ.

ಮರಣ : 1945ರ ಏಪ್ರಿಲ್ 8ರ ಭಾನುವಾರ ಬವೇರಿಯದ ಷೋನ್‌ಬೆರ್ಗ್‌ನ ಶಾಲೆಯೊಂದರಲ್ಲಿ ಸಹಕೈದಿಗಳ ಕೋರಿಕೆಯಂತೆ ಆರಾಧನೆ ನಡೆಸಿದ. ಮುಗಿಯುತ್ತಲೇ ಈತನನ್ನು ಫ್ಲಾಸೆನ್‌ಬ್ಯೂರ್ಗ್ ಶಿಬಿರಕ್ಕೆ ಒಯ್ದರು. ರಾತ್ರಿ ವಿಚಾರಣೆಯ ಶಾಸ್ತ್ರ ಮುಗಿಸಿ, 9ರ ಬೆಳಗಿನ ಜಾವ ಗಲ್ಲಿಗೇರಿಸಿದರು. ಆಗ 39 ವರ್ಷ. ಎರಡು ವಾರಗಳಲ್ಲಿ ಅಮೆರಿಕನ್ ಸೇನೆ ಶಿಬಿರವನ್ನು ಮುಕ್ತಗೊಳಿಸಿತು. ಈತ ಮೊಣಕಾಲೂರಿ ಪ್ರಾರ್ಥಿಸಿ ಶಾಂತವಾಗಿ ಸತ್ತನೆಂಬ ಶಿಬಿರದ ವೈದ್ಯನ ವರದಿಯನ್ನು ಸಂಶೋಧಕರು ಸಂದೇಹದಿಂದ ಕಾಣುತ್ತಾರೆ. ಅಣ್ಣ ಕ್ಲೌಸ್ ಮತ್ತು ಡೊನಾನ್ಯಿ ಸಹ ಅದೇ ತಿಂಗಳು ಹತರಾದರು.

ಪ್ರಭಾವ : ಬೆಟ್ಗೆ ಸಂಪಾದಿಸಿದ ಸೆರೆಮನೆಯ ಪತ್ರಗಳು 1951ರಲ್ಲಿ ಪ್ರಕಟವಾಗಿ ಹಲವು ಭಾಷೆಗಳಿಗೆ ಹೋದವು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಯನ್ನು ವಿರೋಧಿಸಿದ ಬೇಯರ್ಸ್ ನೌಡೆಯಂಥವರಿಗೆ ಈತ ಮಾದರಿಯಾದ. 1998ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆ್ಯಬೆಯಲ್ಲಿ 20ನೆಯ ಶತಮಾನದ ಹುತಾತ್ಮರ ಸಾಲಿನಲ್ಲಿ ಈತನ ಪ್ರತಿಮೆ ಸ್ಥಾಪನೆಯಾಯಿತು. ಬಂಧನಕ್ಕೆ ಕೆಲವು ತಿಂಗಳ ಮೊದಲು ಬರೆದ ಲೇಖನದಲ್ಲಿ ಈತ ತನ್ನ ನಂಬುಗೆಯನ್ನು ವಿವರಿಸಿದ್ದಾನೆ: ಕಷ್ಟವನ್ನು ತಾಳುವ ಬಲ ಕಷ್ಟದ ಗಳಿಗೆಯಲ್ಲೇ ದೊರೆಯುತ್ತದೆ, ಮುಂಗಡವಾಗಿ ಅಲ್ಲ, ಮನುಷ್ಯ ತನ್ನನ್ನು ನೆಚ್ಚದೆ ದೇವರನ್ನು ನೆಚ್ಚಲು ಇದರಿಂದ ಕಲಿಯುತ್ತಾನೆ. ಭಯವೇ ಇಲ್ಲದ ವೀರನ ಮಾತಾಗಿದ್ದರೆ ಇದು ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ತನ್ನ ಭಯವನ್ನು ಬರೆದಿಟ್ಟು, ಆ ಭಯದೊಡನೆಯೇ ಪ್ರಾರ್ಥಿಸಿ, ಪಕ್ಕದವನ ಕೈಹಿಡಿದವನ ಮಾತಾದ್ದರಿಂದಲೇ ಅದು ಅಂಜಿದವರಿಗೆ ಆಸರೆಯಾಗಿದೆ.