ಶನಿವಾರ ಮಧ್ಯಾಹ್ನದ ಪಾಠ

ಕಾಪು, ಕಟಪಾಡಿ, ಕಾರ್ಕಳದ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಒಂದನೇ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಮೂರು ನಾಲ್ಕು ಮನೆಮಾತುಗಳಿರುವುದು ಹೊಸತಲ್ಲ. ತುಳು, ಕೊಂಕಣಿ, ಬ್ಯಾರಿ ಮಾತಾಡುವವರ ಜೊತೆಗೆ ಕೂಲಿಗೆಂದು ಉತ್ತರ ಕರ್ನಾಟಕದಿಂದ ಬಂದವರ ಮಗುವೂ ಇರುತ್ತದೆ. ಅದರ ಕನ್ನಡವೂ ಪುಸ್ತಕದ ಕನ್ನಡವಲ್ಲ. ಈ ತರಗತಿಯಲ್ಲಿ ‘ಹ’ ಅಕ್ಷರ ಕಲಿಸುವುದು ಹೇಗೆ? ಅದಕ್ಕೊಂದು ದಾರಿ ಮಕ್ಕಳ ಬಾಯಲ್ಲೇ ಇದೆ. ತುಳುವಿನ ಪಿಲಿ ಕನ್ನಡದಲ್ಲಿ ಹುಲಿ, ಪೂ ಎಂದರೆ ಹೂ, ಪತ್ತ್ ಎಂದರೆ ಹತ್ತು. ಮೂರು ಜೋಡಿಗಳನ್ನು ಹಲಗೆಯ ಮೇಲೆ ಸಾಲಾಗಿ ಬರೆದರೆ ಸಾಕು, ನಾಲ್ಕನೆಯದನ್ನು ಮಕ್ಕಳೇ ಹುಡುಕಲು ಹೊರಡುತ್ತಾರೆ. ಬೆಂಗಳೂರಿನಲ್ಲಿ ಅಚ್ಚಾಗಿ ಬರುವ ತರಬೇತಿ ಪುಸ್ತಕಕ್ಕೆ ಇಂಥ ಸೂಕ್ಷ್ಮ ಎಟುಕುವುದು ಕಷ್ಟ. ಇಪ್ಪತ್ತು ವರ್ಷ ಒಂದನೇ ತರಗತಿ ನೋಡಿಕೊಂಡ ನೆರೆಶಾಲೆಯ ಟೀಚರಿಗೆ ಅದು ಗೊತ್ತಿರುತ್ತದೆ. ಅವರಿಂದ ಈ ತರಗತಿಯ ಟೀಚರಿಗೆ ಅದು ದಾಟುವುದು ಎಲ್ಲಿ, ಯಾವಾಗ? ಉಡುಪಿ ಜಿಲ್ಲೆಯ ಅಧ್ಯಾಪಕರ ವೃತ್ತಿಕಲಿಕೆಯ ಚರಿತ್ರೆಯನ್ನು ನಾನು ಓದುವುದು ಈ ಪ್ರಶ್ನೆ ಹಿಡಿದುಕೊಂಡು.

ಉಡುಪಿ, ಕಾರ್ಕಳಗಳು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದಲ್ಲಿ ಅಧ್ಯಾಪಕನಾಗಲು ತರಬೇತಿ ಪಡೆಯುವುದೆಂದರೆ ಮಂಗಳೂರಿಗೆ ಹೋಗುವುದು. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ ಶಾಲೆಗಳ ಜೊತೆಗೆ ಮೇಷ್ಟ್ರುಗಳನ್ನೂ ತಯಾರುಮಾಡಬೇಕಾಯಿತು. 1854ರ ವುಡ್ ವರದಿಯ ನಂತರ ಸರ್ಕಾರವೂ ಅಧ್ಯಾಪಕರನ್ನು ತರಬೇತುಮಾಡುವ ನಾರ್ಮಲ್ ಶಾಲೆಗಳತ್ತ, ಅನುದಾನದತ್ತ ತಿರುಗಿತು. ಆ ಅನುದಾನವೇ ಈ ಜಿಲ್ಲೆಯ ಶಿಕ್ಷಣಕ್ಕೆ ವಿಶಿಷ್ಟ ಚಹರೆ ಕೊಟ್ಟಿತು. ಊರಿನವರೊಬ್ಬರು, ಅನೇಕ ಸಲ ಮೇಷ್ಟ್ರೇ, ತಮ್ಮ ಜಾಗದಲ್ಲಿ ಶಾಲೆ ಕಟ್ಟಿ ತಾವೇ ಮ್ಯಾನೇಜರ್ ಆಗುತ್ತಿದ್ದರು. ಅನುದಾನಿತ ಶಾಲೆಗಳು ಇಲ್ಲಿ ಹಳ್ಳಿ ಹಳ್ಳಿಗೂ ಹಬ್ಬಿದ್ದು ಹೀಗೆ. ಅಂಥ ಮನೆಗಳಲ್ಲಿ ಅಪ್ಪ ಪಾಠ ಹೇಳುವುದನ್ನು ಮಗ, ಅತ್ತೆ ಹೇಳುವುದನ್ನು ಸೊಸೆ ನೋಡಿ ಕಲಿತರು. ಅದಕ್ಕೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ.

ಮದ್ರಾಸ್ ಪ್ರಾಂತ್ಯ ಕೊಟ್ಟ ಇನ್ನೊಂದು ಒಳ್ಳೆಯ ರೂಢಿ ಪ್ರಾಥಮಿಕ ಅಧ್ಯಾಪಕರ ಸಂಘದ ಸಭೆ. ಸುತ್ತಲಿನ ಶಾಲೆಗಳವರು ಒಂದು ಕೇಂದ್ರಶಾಲೆಯಲ್ಲಿ ಸೇರುವುದು, ಒಬ್ಬರು ಮಾದರಿ ಪಾಠ ಮಾಡುವುದು, ಉಳಿದವರು ಅದರ ಮೇಲೆ ಮಾತಾಡುವುದು. ಇವತ್ತಿನ ಶಾಲಾಗುಚ್ಛದ (ಕ್ಲಸ್ಟರ್) ಸಭೆಯ ಅಜ್ಜ ಅದು. ಅತ್ತ ಮುಂಬಯಿ ಕರ್ನಾಟಕದಲ್ಲಿ ಬೇರೊಂದು ದಾರಿ ತೆರೆದಿತ್ತು. 1865ರಲ್ಲಿ ಬೆಳಗಾವಿಯಲ್ಲಿ ‘ಮಠಪತ್ರಿಕೆ’ ಹುಟ್ಟಿತು. ಆಗ ಶಾಲೆಗೆ ಮಠವೆಂದೇ ಹೆಸರು. ಕನ್ನಡ ಮೇಷ್ಟ್ರುಗಳಿಗಾಗಿಯೇ ಹೊರಟ ಆ ಮಾಸಿಕ ಹೆಸರು ಬದಲಿಸಿಕೊಳ್ಳುತ್ತ ಧಾರವಾಡದ ‘ಜೀವನ ಶಿಕ್ಷಣ’ವಾಗಿ ಬೆಳೆಯಿತು. ದೂರದ ಹಳ್ಳಿಯ ಒಂಟಿ ಮೇಷ್ಟ್ರಿಗೆ ಇನ್ನೊಬ್ಬ ಮೇಷ್ಟ್ರಿನ ಮಾತು ತಲುಪಬೇಕಾದರೆ ಆ ಕಾಲದಲ್ಲಿ ಅಂಚೆಯೇ ಗತಿ.

ಕರಾವಳಿಯಲ್ಲಿ ಆ ಕೆಲಸವನ್ನು ಕಾಲ್ನಡಿಗೆಯಲ್ಲೇ ಮಾಡಿದವರೆಂದು ನಾನು ನೆನೆಯುವುದು ಪಂಜೆ ಮಂಗೇಶರಾಯರನ್ನು (1874–1937). ಅವರನ್ನು ಮಕ್ಕಳ ಕವಿಯೆಂದು ಓದಿದಷ್ಟು ಅಧ್ಯಾಪಕರ ಅಧ್ಯಾಪಕರೆಂದು ನಾವು ಓದಿಲ್ಲ. ಶಾಲಾ ತನಿಖಾಧಿಕಾರಿಯೆಂದರೆ ಮೇಷ್ಟ್ರುಗಳ ಎದೆ ನಡುಗುತ್ತಿದ್ದ ಕಾಲ ಅದು. ಪಂಜೆಯವರು ತಪಾಸಣೆಗೆ ಹೋದಲ್ಲಿ ಮಕ್ಕಳಿಗೆ ಕಥೆ ಹೇಳಿ, ಹಾಡಿಸಿ, ತಾವೇ ಪಾಠಕ್ಕಿಳಿಯುತ್ತಿದ್ದರೆಂಬ ನೆನಪನ್ನು ಹಳಬರು ಉಳಿಸಿಕೊಟ್ಟಿದ್ದಾರೆ. ಬದಿಯಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರಿಗೆ ಅದೇ ತರಬೇತಿ. ಅವರು ಮಂಗಳೂರಿನಲ್ಲಿ ಕಟ್ಟಿದ ಬಾಲ ಸಾಹಿತ್ಯ ಮಂಡಲದ ಪುಸ್ತಕಗಳು ಮಕ್ಕಳಿಗೆಷ್ಟು ಒದಗಿದವೋ ತರಗತಿಯಲ್ಲಿ ಏನು ಹೇಳಬೇಕೆಂದು ತೋಚದೆ ಕೂತ ಅಧ್ಯಾಪಕರಿಗೂ ಅಷ್ಟೇ ಒದಗಿದವು. ಮೇಲಧಿಕಾರಿ ಬಂದು ಜೊತೆಗಾರನಾಗುವ ಈ ಗುಣ ಆಮೇಲಿನ ವ್ಯವಸ್ಥೆಗಳಲ್ಲಿ ವಿರಳ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳದ ಪಾಲಾಯಿತು. ಮುಂದಿನ ಮೂರು ದಶಕ ಶಾಲೆಗಳು ಹೆಚ್ಚಿದವು, ಅಧ್ಯಾಪಕರ ಕಲಿಕೆ ಮಾತ್ರ ನೇಮಕಾತಿಗೆ ಮುಂಚಿನ ಟಿ.ಸಿ.ಹೆಚ್., ಬಿ.ಎಡ್.ಗಳಲ್ಲೇ ಮುಗಿಯುತ್ತಿತ್ತು. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ 1942ರಲ್ಲಿ ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಶಾಲೆ ಕಾಲೇಜುಗಳ ದೊಡ್ಡ ಬಳಗವಾಯಿತು. ಅವರ ಹೆಸರಿನ ಶಿಕ್ಷಣ ಮಹಾವಿದ್ಯಾಲಯ ಉಡುಪಿಯ ಕುಂಜಿಬೆಟ್ಟಿನಲ್ಲಿದೆ. ಬಿ.ಎಡ್.ಗಾಗಿ ಮಂಗಳೂರಿಗೆ ಹೋಗಲೇಬೇಕಾದ ಕಷ್ಟ ಹೀಗೆ ಕಡಿಮೆಯಾಯಿತು. 1964–66ರ ಕೊಠಾರಿ ಆಯೋಗ ಎರಡು ಮಾತು ಹೇಳಿತ್ತು. ಪ್ರತಿ ಅಧ್ಯಾಪಕರಿಗೂ ಐದು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳ ಸೇವಾವಧಿ ಶಿಕ್ಷಣ ಸಿಗಬೇಕು, ಒಂದು ಹೈಸ್ಕೂಲಿನ ಸುತ್ತ ಪ್ರಾಥಮಿಕ ಶಾಲೆಗಳನ್ನು ಕಟ್ಟಿ ‘ಶಾಲಾ ಸಂಕೀರ್ಣ’ ಮಾಡಬೇಕು. ಮೊದಲನೆಯದು ಇವತ್ತಿಗೂ ಕನಸು. ಎರಡನೆಯದು ಬಹುಕಾಲ ಕಾಗದದಲ್ಲಿದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮತ್ತೆ ತಲೆಯೆತ್ತಿದೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಚಿತ್ರ ಬದಲಾಯಿತು. ವರ್ಷಕ್ಕೆ ಸುಮಾರು 5 ಲಕ್ಷ ಅಧ್ಯಾಪಕರನ್ನು ತಲುಪುವ ಗುರಿಯ ಹತ್ತು ದಿನಗಳ ಶಿಬಿರಗಳು ದೇಶದಾದ್ಯಂತ ನಡೆದವು. 1987ರಿಂದ ಜಿಲ್ಲೆಗೊಂದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಬರತೊಡಗಿತು. 1997ರ ಆಗಸ್ಟ್‌ನಲ್ಲಿ ಉಡುಪಿ ಬೇರೆ ಜಿಲ್ಲೆಯಾಗುವವರೆಗೆ ಇಲ್ಲಿಯವರಿಗೂ ಮಂಗಳೂರೇ ಕೇಂದ್ರ. ಆಗ ರೂಢಿಗೆ ಬಂದ ಕ್ರಮ ಇಂದಿಗೂ ಬಿಟ್ಟಿಲ್ಲ. ರಾಜ್ಯಮಟ್ಟದಲ್ಲಿ ತರಬೇತಾದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಅಧ್ಯಾಪಕರಿಗೆ ಹೇಳಬೇಕು. ಘಟ್ಟದ ಮೇಲಿನಿಂದ ಹೊರಟ ನೀರು ಕೆಳಗಿನ ಗದ್ದೆಗೆ ಬರುವಷ್ಟರಲ್ಲಿ ಮಣ್ಣು ಒದ್ದೆಯಾಗುವಷ್ಟೇ ಉಳಿಯುತ್ತದೆ. ಹೇಳುವವರ ತಪ್ಪಲ್ಲ ಅದು. ಐದು ದಿನದಲ್ಲಿ ಕೇಳಿದ್ದನ್ನು ಮುಂದಿನ ವಾರ ಐದು ದಿನ ಹೇಳಿ ಎಂದರೆ ಯಾರಿಗಾದರೂ ಉಳಿಯುವುದು ಮಾತಿನ ಸಿಪ್ಪೆಯೇ.

ಇದಕ್ಕೆ ತೀರ ಭಿನ್ನವಾದದ್ದು ನಮ್ಮದೇ ರಾಜ್ಯದಲ್ಲಿ ನಡೆಯಿತು. ಆ ಕಥೆಯನ್ನು ನಿಧಾನವಾಗಿಯೇ ಹೇಳಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮಶಾಲೆಗಳನ್ನು ನೋಡಿ ಬಂದರು. ಒಬ್ಬರೇ ಟೀಚರ್, ಹಲವು ತರಗತಿಯ ಮಕ್ಕಳು, ಆದರೂ ಪ್ರತಿ ಮಗು ತನ್ನ ವೇಗದಲ್ಲಿ ಒಂದೊಂದೇ ಕಾರ್ಡು ದಾಟಿ ಮುಂದೆ ಹೋಗುತ್ತಿತ್ತು. ಅಂಥದ್ದನ್ನು ಕನ್ನಡದಲ್ಲಿ ಮಾಡಬೇಕೆಂದು ಅವರಿಗನಿಸಿತು. ಬಂದವರು ಒಟ್ಟಿಗೆ ಕೂತರು. ಯೂನಿಸೆಫ್ ನೆರವು, ಇಲಾಖೆಯ ಒತ್ತಾಸೆ ಇತ್ತು ನಿಜ, ಆದರೆ ಹಾಡು, ಆಟ, ಚಿತ್ರ, ಕಲಿಕಾ ಏಣಿಯ ಮೆಟ್ಟಿಲು, ಯಾವ ಅಕ್ಷರದ ನಂತರ ಯಾವುದು ಎನ್ನುವ ಜಗಳ, ಇವೆಲ್ಲ ಆ ಅಧ್ಯಾಪಕರದೇ. ವರ್ಣಮಾಲೆಯ ಅ, ಆ ಸಾಲನ್ನು ಬಿಟ್ಟು ಬರೆಯಲು ಸುಲಭವಾದ ಅಕ್ಷರಗಳಿಂದ ಶುರುಮಾಡುವ ಧೈರ್ಯ ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೆ ಮಾತ್ರ ಬರುತ್ತದೆ. ಒಂದು ಶಾಲೆಯಲ್ಲಿ ಕೈಕೊಟ್ಟ ಕಾರ್ಡನ್ನು ಮುಂದಿನ ಸಭೆಯಲ್ಲಿ ತಿದ್ದಿದರು. ‘ನಲಿ ಕಲಿ’ ಎಂಬುದು ಹೀಗೆ ಬೆಳೆದದ್ದು. ಮಕ್ಕಳ ಪದ್ಧತಿಯೆಂದು ಅದು ಹೆಸರಾಯಿತು. ನನಗೆ ಅದು ಅಧ್ಯಾಪಕರು ಅಧ್ಯಾಪಕರಿಂದ ಕಲಿತ ಅತಿದೊಡ್ಡ ಪ್ರಯೋಗವಾಗಿಯೂ ಕಾಣುತ್ತದೆ.

2009–10ರಲ್ಲಿ ನಲಿ ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಉಡುಪಿ, ಕಾರ್ಕಳದ ಶಾಲೆಗಳಲ್ಲಿಯೂ ಗುಂಡುಮೇಜು, ಗುಂಪಿನ ತಟ್ಟೆ, ಮಕ್ಕಳ ಕೆಲಸ ತೂಗುಹಾಕುವ ಚಪ್ಪರ ಬಂದವು. ಆದರೆ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ಹೆಗ್ಗಡದೇವನಕೋಟೆಯ ಅಧ್ಯಾಪಕರು ತಾವು ಕಟ್ಟಿದ್ದನ್ನು ಕಲಿಸಿದರು, ಇಲ್ಲಿಯವರು ಕೈಗೆ ಬಂದದ್ದನ್ನು ಕಲಿಸಿದರು. ಪಿಲಿಯೂ ಪೂವೂ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಜಾಣ ಟೀಚರುಗಳು ತಮ್ಮ ಕಾರ್ಡು ತಾವೇ ಬರೆದು ಸೇರಿಸಿಕೊಂಡರು. ಹೀಗೆ ಸೇರಿಸಿದ್ದೇ ನಿಜವಾದ ನಲಿ ಕಲಿ ಎಂದು ನಾನು ನಂಬುತ್ತೇನೆ.

ಪಕ್ಕದ ಶಾಲೆಯವರಿಗೆ ಅದನ್ನು ತೋರಿಸಲು ಒಂದು ಜಾಗ ಅಷ್ಟರಲ್ಲಿ ಸಿಕ್ಕಿತ್ತು. ಸರ್ವ ಶಿಕ್ಷಣ ಅಭಿಯಾನ 2001ರಲ್ಲಿ ಆರಂಭವಾದ ಮೇಲೆ ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳ (ಬಿ.ಆರ್.ಸಿ., ಸಿ.ಆರ್.ಸಿ.) ಜಾಲ ಊರೂರಿಗೆ ಬಂತು. ಹತ್ತು ಹದಿನೈದು ಶಾಲೆಗಳಿಗೊಂದು ಕ್ಲಸ್ಟರ್, ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.). ಅವರೂ ಮೊನ್ನೆಯವರೆಗೆ ಪಾಠ ಮಾಡುತ್ತಿದ್ದ ಅಧ್ಯಾಪಕರೇ. ವರ್ಷಕ್ಕೆ 20 ದಿನ ಸೇವಾವಧಿ ತರಬೇತಿ, ತಲೆಗೆ ದಿನಕ್ಕೆ 70 ರೂಪಾಯಿ ಖರ್ಚೆಂಬುದು ಅಭಿಯಾನದ ಆರಂಭದ ಲೆಕ್ಕ. ಕ್ರಮೇಣ ಅದರಲ್ಲಿ ಹತ್ತು ದಿನ ತಿಂಗಳಿಗೊಂದರಂತೆ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಮೀಸಲಾಯಿತು. ಬೆಳಗಿನ ತರಗತಿ ಮುಗಿಸಿ, ಬಸ್ಸು ಹಿಡಿದು, ಶನಿವಾರ ಮಧ್ಯಾಹ್ನ ಸೇರುವ ಸಭೆಗಳು. ಮದ್ರಾಸ್ ಕಾಲದ ಕೇಂದ್ರಶಾಲೆ ಹೊಸ ಹೆಸರಿನಲ್ಲಿ ಮರಳಿತ್ತು.

ಆ ಮಧ್ಯಾಹ್ನ ಚೆನ್ನಾಗಿ ನಡೆದರೆ ಏನಾಗುತ್ತದೆಂಬುದಕ್ಕೆ ದೇಶದಲ್ಲಿ ದೊಡ್ಡ ಸಾಕ್ಷಿಯಿದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾಗಿ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮಕ್ಕೆ ಅಧ್ಯಾಪಕರ ಮಾಸಿಕ ಸಭೆಯೇ ಬೆನ್ನೆಲುಬು. ಈ ತಿಂಗಳು ಯಾವ ಪ್ರಯೋಗ ಕೆಟ್ಟಿತು, ಮಕ್ಕಳು ಕೇಳಿದ ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ ಎಂದು ಹೇಳಿಕೊಳ್ಳಲು ಅಲ್ಲಿ ನಾಚಿಕೆ ಇರಲಿಲ್ಲ. ಜಪಾನಿನಲ್ಲಿ ನೂರು ವರ್ಷಕ್ಕೂ ಮೇಲಿನಿಂದ ಅಧ್ಯಾಪಕರು ಕೂಡಿ ಒಂದು ಪಾಠ ಸಿದ್ಧಮಾಡಿ, ಒಬ್ಬರು ಅದನ್ನು ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸುವ ಪದ್ಧತಿ ನಡೆದುಬಂದಿದೆ.

ನಮ್ಮ ಶನಿವಾರಕ್ಕೆ ಬಂದ ಕಷ್ಟವೇ ಬೇರೆ. ಸಭೆ ಸೇರಿದ ಕೂಡಲೇ ಸುತ್ತೋಲೆಗಳು. ಬಿಸಿಯೂಟದ ಲೆಕ್ಕ, ಸಮವಸ್ತ್ರದ ಅಳತೆ, ಆಧಾರ್ ಜೋಡಣೆ, ಪ್ರತಿಭಾ ಕಾರಂಜಿಯ ತಾರೀಖು. ಒಂದೂವರೆ ಗಂಟೆ ಅದಕ್ಕೆ ಹೋದರೆ ಮಾದರಿ ಪಾಠಕ್ಕೆ ಉಳಿಯುವುದು ಚಹಾದ ಹೊತ್ತು. ಸಿ.ಆರ್.ಪಿ.ಗಳ ಮೇಲೆ ಬೇಸರ ಮಾಡಿಕೊಳ್ಳುವುದು ಸುಲಭ, ನ್ಯಾಯವಲ್ಲ. ಮಾಹಿತಿಯನ್ನು ನಾಳೆ ಬೆಳಗ್ಗೆಯೇ ಕೊಡಬೇಕೆಂದು ಮೇಲಿನಿಂದ ಕರೆ ಬಂದರೆ ಅವರು ಬೇರೇನು ಮಾಡಿಯಾರು?

ಹೈಸ್ಕೂಲಿನ ಮಟ್ಟದಲ್ಲಿ 2011ರ ಸುಮಾರಿಗೆ ಬೇರೊಂದು ಗಾಳಿ ಬೀಸಿತು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರನ್ನು ವಿಷಯವಾರು ಜೋಡಿಸಲು ಹೊರಟವು. ಡಯಟ್‌ಗಳ ಕಂಪ್ಯೂಟರ್ ಕೋಣೆಯಲ್ಲಿ ಐವತ್ತು ದಾಟಿದ ಮೇಷ್ಟ್ರುಗಳು ಕನ್ನಡದಲ್ಲಿ ಟೈಪು ಮಾಡಲು ಕಲಿತರು, ಜಿಯೋಜಿಬ್ರಾದಲ್ಲಿ ತ್ರಿಭುಜದ ಮೂಲೆ ಎಳೆದು ಕೋನಗಳ ಮೊತ್ತ ಬದಲಾಗದಿರುವುದನ್ನು ನೋಡಿದರು. ಪಾಠದ ಸಾಮಗ್ರಿಯನ್ನು ಅಧ್ಯಾಪಕರೇ ಬರೆದು ಎಲ್ಲರಿಗೂ ಮುಕ್ತವಾಗಿಡುವ ಕನ್ನಡದ ಭಂಡಾರವೊಂದು ಇದರಿಂದ ಬೆಳೆಯಿತು. ಜಿಲ್ಲೆಯಲ್ಲಿ ವಿಷಯ ಶಿಕ್ಷಕರು ತಾಲ್ಲೂಕು ಮಟ್ಟದಲ್ಲಿ ಸೇರಿ ಕಾರ್ಯಾಗಾರ ನಡೆಸುವ ರೂಢಿ ಮೊದಲೇ ಇತ್ತು. ಅದಕ್ಕೆ ಹೊಸ ಕೈಕಾಲು ಬಂದವು.

ಉಡುಪಿ 2018ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ರಾಜ್ಯಕ್ಕೆ ಮೊದಲು, 2024ರಲ್ಲಿ ಶೇಕಡಾ 94ರೊಂದಿಗೆ ಮತ್ತೆ ಮೊದಲು. ಈ ಹೆಮ್ಮೆಯಲ್ಲಿ ಆ ಕಾರ್ಯಾಗಾರಗಳ ಪಾಲಿದೆ. ಆತಂಕವೂ ಅಲ್ಲೇ ಇದೆ. ಜನವರಿ ಹತ್ತಿರವಾದಂತೆ ಗಣಿತದ ಮೇಷ್ಟ್ರುಗಳು ಸೇರುವುದು ‘ಪಾಸಿಂಗ್ ಪ್ಯಾಕೇಜ್’ ತಯಾರಿಗೆ, ಯಾವ ಐದು ಪ್ರಶ್ನೆ ಕಲಿಸಿದರೆ ಹಿಂದುಳಿದ ಹುಡುಗ ದಾಟಿಯಾನು ಎನ್ನುವುದಕ್ಕೆ. ಆ ಹುಡುಗನ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಮಾಡುತ್ತಾರೆ. ಆದರೆ ಭಿನ್ನರಾಶಿ ಅವನಿಗೆ ಐದನೇ ತರಗತಿಯಲ್ಲೇ ಏಕೆ ಕೈತಪ್ಪಿತು ಎಂಬ ಪ್ರಶ್ನೆಗೆ ಹೈಸ್ಕೂಲಿನವರೂ ಪ್ರಾಥಮಿಕದವರೂ ಒಟ್ಟಿಗೆ ಕೂರಬೇಕು. ಹಾಗೆ ಕೂರುವ ಶನಿವಾರ ನಮ್ಮಲ್ಲಿ ಇಲ್ಲ.

ಇನ್ನೊಂದು ಗೋಡೆ ಮಣಿಪಾಲದಂಥ ಕಡೆ ಕಣ್ಣಿಗೆ ಹೊಡೆಯುತ್ತದೆ. ಒಂದೇ ಓಣಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಸರ್ಕಾರಿ ಶಾಲೆಗೆ, ಇನ್ನೊಬ್ಬ ಇಂಗ್ಲಿಷ್ ಮಾಧ್ಯಮದ ಅನುದಾನರಹಿತ ಶಾಲೆಗೆ. ಅವರ ಅಧ್ಯಾಪಕರು ಪರಸ್ಪರ ಭೇಟಿಯಾಗುವ ಸಂದರ್ಭ ಬಹಳ ಕಡಿಮೆ. ಕ್ಲಸ್ಟರ್ ಸಭೆ ಸರ್ಕಾರಿ ಶಾಲೆಯವರದು. ಸಿ.ಬಿ.ಎಸ್.ಇ. ಶಾಲೆಗಳು ‘ಸಹೋದಯ’ವೆಂಬ ಹೆಸರಿನಲ್ಲಿ ನೆರೆಹೊರೆಯಾಗಿ ಕೂಡಿ ನಡೆಸುವ ಕಾರ್ಯಾಗಾರ ಅವರದು. ಮಗುವಿನ ತಲೆಯೊಳಗಿನ ಗೊಂದಲ ಮಾತ್ರ ಎರಡೂ ಕಡೆ ಒಂದೇ.

2017ರ ನಂತರದ್ದು ಪರದೆಯ ಕಾಲ. ಆ ವರ್ಷ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆ, 2019ರಲ್ಲಿ 42 ಲಕ್ಷ ಅಧ್ಯಾಪಕರ ಗುರಿಯ ನಿಷ್ಠಾ ತರಬೇತಿ, 2020ರ ನೀತಿಯಲ್ಲಿ ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿ. ಈ ನಡುವೆ ರಾಜ್ಯದ ‘ಗುರುಚೇತನ’ ಕಾರ್ಯಕ್ರಮ ತಮಗೆ ಬೇಕಾದ ವಿಷಯವನ್ನು ಅಧ್ಯಾಪಕರೇ ಆರಿಸಿಕೊಳ್ಳಲಿ ಎಂದಿತು. ಅದು ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಯೋಚನೆ. ಮಳೆಗಾಲದ ಸಂಜೆ ಮೊಬೈಲಿನಲ್ಲಿ ಒಂದು ಗಂಟೆ ಕೋರ್ಸು ಮುಗಿಸುವುದರಿಂದ ಲಾಭವಿಲ್ಲವೆಂದು ಹೇಳಲಾರೆ. ತರಬೇತಿಗೆಂದು ಅನ್ಯಕಾರ್ಯ ನಿಮಿತ್ತ (ಓ.ಓ.ಡಿ.) ಹೋದರೆ ಶಾಲೆಗೆ ಬೀಗ ಹಾಕಬೇಕಾಗುವ ಏಕೋಪಾಧ್ಯಾಯ ಶಾಲೆಯ ಟೀಚರಿಗೆ ಅದೇ ದೊಡ್ಡ ಅನುಕೂಲ. ಆದರೆ ಪರದೆ ಕೇಳಿಸಿಕೊಳ್ಳುವುದಿಲ್ಲ. ನಿನ್ನೆಯ ಪಾಠ ಯಾಕೆ ಕೆಟ್ಟಿತೆಂದು ಅದಕ್ಕೆ ಹೇಳಿಕೊಳ್ಳಲಾಗದು.

ತೊಂಬತ್ತರ ದಶಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ನೇಮಕವಾದವರು ಈಗ ಅರವತ್ತು ತಲುಪಿ ಒಬ್ಬೊಬ್ಬರಾಗಿ ಹೊರಗೆ ನಡೆಯುತ್ತಿದ್ದಾರೆ. ಶಿಬಿರ, ನಲಿ ಕಲಿ, ಕ್ಲಸ್ಟರ್, ಕಂಪ್ಯೂಟರ್ ಎಲ್ಲವನ್ನೂ ಕಂಡ ತಲೆಮಾರು ಅದು. ಅವರ ಜಾಗಕ್ಕೆ ಬಹಳ ಕಡೆ ಬರುವವರು ಅತಿಥಿ ಶಿಕ್ಷಕರು. ಜೂನಿನಲ್ಲಿ ಸೇರಿ ಏಪ್ರಿಲಿನಲ್ಲಿ ಬಿಡುವ ಅವರಿಗೆ ಕ್ಲಸ್ಟರ್ ಸಭೆಯ ಕರೆ ಹೋಗುವುದು ಅಪರೂಪ. ಬೀಳ್ಕೊಡುಗೆಯ ದಿನ ಹಾರ, ಶಾಲು, ಫಲಪುಷ್ಪ ಎಲ್ಲವೂ ಇರುತ್ತದೆ, ಇರಲಿ. ನನ್ನ ಕೋರಿಕೆ ಸಣ್ಣದು. ನಿವೃತ್ತಿಗೆ ಮುಂಚಿನ ವರ್ಷದ ಹತ್ತು ಶನಿವಾರಗಳಲ್ಲಿ ಒಂದನ್ನು ಆ ಹಿರಿಯರಿಗೆ ಬಿಟ್ಟುಕೊಡಿ. ಅಂದು ಸುತ್ತೋಲೆ ಓದುವುದು ಬೇಡ. ಕೆಲವು ಮಕ್ಕಳನ್ನೂ ಕರೆಸಿ. ಕಾಪುವಿನ ಟೀಚರ್ ಹಲಗೆಯ ಮೇಲೆ ಪಿಲಿ ಎಂದು ಬರೆದು ಪಕ್ಕದಲ್ಲಿ ಹುಲಿಯನ್ನು ಬರೆಯುವಾಗ, ಮೊನ್ನೆ ಮೊನ್ನೆ ಸೇರಿದ ಅತಿಥಿ ಶಿಕ್ಷಕಿ ಮುಂದಿನ ಸಾಲಿನಲ್ಲೇ ಕೂತು ನೋಡಲಿ.